ಭಾರಿ ಒದೆಯ ರೈಫಲ್‌ಗೆ ಸ್ಕೋಪ್: ಎಕ್ಸ್ ನೋಡಬೇಡಿ, ತೂಕ ನೋಡಿ

ರೈಫಲ್ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್, ಕೊಳ್ಳಲು ಹೋದವರ ಬಾಯಲ್ಲಿ ಮೊದಲು ಬರುವುದು ‘ಎಷ್ಟು ಎಕ್ಸ್ ಅದ?’ ಎಂಬ ಪ್ರಶ್ನೆ, ಅಂದರೆ ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ ಎಂದು. ಗುಂಡು ಹಾರಿದಾಗ ಜೋರಾಗಿ ಹಿಂದಕ್ಕೆ ಒದೆಯುವ ರೈಫಲ್‌ಗೆ ಅದು ಕಟ್ಟಕಡೆಯ ಪ್ರಶ್ನೆ. ತೂಕ ಎಷ್ಟು, ಕಣ್ಣಿಗೂ ಗಾಜಿಗೂ ನಡುವೆ ಎಷ್ಟು ಜಾಗ ಬಿಡುತ್ತದೆ, ಯಾವ ಮೌಂಟಿನ (ರೈಫಲ್ ಮೇಲಿನ ಬೇಸ್, ಸ್ಕೋಪಿನ ಕೊಳವೆ ಹಿಡಿಯುವ ರಿಂಗ್ ಎರಡೂ ಸೇರಿದ್ದು) ಮೇಲೆ ಕೂರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಕಾನೂನಿನ ಮಾತು ಮೊದಲೇ ಮುಗಿಸೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಶಿಕಾರಿ ಇಲ್ಲ. ಬೀದರ್ ಕಡೆಯ ಹೊಲಗಳಲ್ಲಿ ಓಡಾಡುವ ಕೃಷ್ಣಮೃಗ ಕಾಯ್ದೆಯ ಮೊದಲ ಷೆಡ್ಯೂಲಿನ ಪ್ರಾಣಿ. ಬೆಳೆ ತಿನ್ನುತ್ತದೆಂದು ಕಾಡುಹಂದಿಗೂ ತಾನೇ ಗುಂಡು ಹಾರಿಸುವಂತಿಲ್ಲ. ಆದರೂ ಸುರಪುರ, ಕಲಬುರಗಿ ಕಡೆಯ ಹಳೆಯ ಮನೆತನಗಳಲ್ಲಿ ಲೈಸೆನ್ಸ್ ಸಮೇತ ಅಜ್ಜನ ಕಾಲದ ರೈಫಲ್‌ಗಳು ಉಳಿದಿವೆ. ಅನುಮತಿ ಇರುವ ರೇಂಜಿನಲ್ಲಿ ಕಾಗದದ ಗುರಿಗೆ ಹೊಡೆಯುವವರಿದ್ದಾರೆ. ಬೇಟೆಗೆ ಕಾನೂನು ಒಪ್ಪಿಗೆ ಇರುವ ಹೊರದೇಶಗಳಿಗೆ ಹೋಗುವವರೂ ಇದ್ದಾರೆ. ಈ ಲೇಖನ ಅವರಿಗಾಗಿ.

ಮೊದಲು ನಿಮ್ಮ ರೈಫಲ್ ಎಷ್ಟು ಒದೆಯುತ್ತದೆ ನೋಡಿ. ಮೂರೂವರೆ ಕಿಲೋದ .30-06 (ಇಂಥ ಅಂಕಿಗಳು ತೋಟಾದ ಅಳತೆಯ ಹೆಸರು) ರೈಫಲ್ ಸುಮಾರು 27 ಜೂಲ್ ಶಕ್ತಿಯಿಂದ ಹಿಂದಕ್ಕೆ ಬರುತ್ತದೆ. ಇಶಾಪುರ ಕಾರ್ಖಾನೆಯ .315 ಅದಕ್ಕಿಂತ ಸ್ವಲ್ಪ ಕಡಿಮೆ. ನಾಲ್ಕು ಕಿಲೋದ .375 ಎಚ್ ಅಂಡ್ ಎಚ್ ಸುಮಾರು 50 ಜೂಲ್. ಅದೇ ತೂಕದ .458 ಆದರೆ 80 ದಾಟುತ್ತದೆ. ಇಲ್ಲಿ ಸ್ಕೋಪಿಗೆ ಆಗುವುದೇನು? ರೈಫಲ್ ಸೆಕೆಂಡಿಗೆ ಐದಾರು ಮೀಟರ್ ವೇಗದಲ್ಲಿ ಹಿಂದಕ್ಕೆ ಜಿಗಿದರೂ ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ. ಅದನ್ನು ಎಳೆದು ತರುವ ಕೆಲಸವೆಲ್ಲ ಮೌಂಟಿನ ನಾಲ್ಕು ಸಣ್ಣ ಸ್ಕ್ರೂಗಳ ಪಾಲಿಗೆ. ಸ್ಕೋಪಿನ ತೂಕ ಎರಡು ಪಟ್ಟಾದರೆ ಆ ಸ್ಕ್ರೂಗಳ ಮೇಲಿನ ಎಳೆತವೂ ಎರಡು ಪಟ್ಟು. 700 ಗ್ರಾಂ ತೂಗುವ, ಮುಂದೆ ದೊಡ್ಡ ಬಾಯಿಯ ಸ್ಕೋಪ್ .375 ಮೇಲೆ ಕೂರಿಸುವುದೆಂದರೆ ದುಡ್ಡು ಕೊಟ್ಟು ತಲೆನೋವು ತಂದಂತೆ.

<b>ಆರಿಸುವಾಗ</b>

450 ಗ್ರಾಂ ಒಳಗಿನದು ಇರಲಿ. 300ರ ಆಸುಪಾಸಿನಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. 1-4, 1.5-5 ಎಕ್ಸ್ ಅಥವಾ ಸ್ಥಿರ 2.5 ಎಕ್ಸ್ ಸಾಕು. 100 ಮೀಟರ್ ದೂರದ ಅಂಗೈಯಗಲದ ಗುರಿಗೆ 4 ಎಕ್ಸ್ ಧಾರಾಳ. ಈ ಸ್ಕೋಪ್‌ಗಳ ಮುಂದಿನ ಗಾಜು 20ರಿಂದ 24 ಮಿ.ಮೀ. ಇರುವುದರಿಂದ ಮುಂಭಾಗ ಉಬ್ಬದೆ ಕೊಳವೆ ನೆಟ್ಟಗೆ ಇರುತ್ತದೆ. ಆದ್ದರಿಂದ ರಿಂಗ್‌ಗಳನ್ನು ದೂರದೂರ ಹಾಕಲು ಜಾಗ ಸಿಗುತ್ತದೆ, ಸ್ಕೋಪನ್ನು ನಳಿಗೆಗೆ ಹತ್ತಿರವಾಗಿ ತಗ್ಗಿಸಿ ಕೂರಿಸಬಹುದು. ಬೆಳಕು ಸಾಲದೆಂಬ ಹೆದರಿಕೆ ಬೇಡ. ಗಾಜಿನ ವ್ಯಾಸವನ್ನು ಎಕ್ಸ್‌ನಿಂದ ಭಾಗಿಸಿ ನೋಡಿ: 20 ಮಿ.ಮೀ. ಗಾಜು 4 ಎಕ್ಸ್‌ನಲ್ಲಿ ಕಣ್ಣಿಗೆ 5 ಮಿ.ಮೀ. ಬೆಳಕಿನ ಕಂಬ ಕೊಡುತ್ತದೆ. ಮುಸ್ಸಂಜೆಗೂ ಅಷ್ಟು ಸಾಕು.

ಎಕ್ಸ್ ಬದಲಿಸಲು ಬರದ ಸ್ಥಿರ ಸ್ಕೋಪಿನೊಳಗೆ ಅಲುಗಾಡುವ ಭಾಗ ಕಡಿಮೆ, ಕೆಡಲು ಕಾರಣವೂ ಕಡಿಮೆ. ಬದಲಿಸುವಂಥದ್ದೇ ಬೇಕೆಂದರೆ ಸ್ಕೋಪಿನೊಳಗೆ ಕಾಣುವ ಗುರಿಗೆರೆ ತಂತಿಯದಲ್ಲ, ಗಾಜಿನ ಮೇಲೆ ಕೊರೆದದ್ದು ಎಂಬುದನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಕಣ್ಣಿನ ಅಂತರ ಕನಿಷ್ಠ 90 ಮಿ.ಮೀ., .375ರಿಂದ ಮೇಲೆ 100 ಮಿ.ಮೀ. ಇರಲೇಬೇಕು. ಕಡಿಮೆಯಾದರೆ ಸ್ಕೋಪಿನ ಹಿಂದಿನ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆಯುತ್ತದೆ. ಪೆಟ್ಟಿಗೆಯ ಮೇಲೆ ಬರೆದ ಅಂತರ ಕಡಿಮೆ ಎಕ್ಸ್‌ನದಾಗಿರಬಹುದು. ಎಕ್ಸ್ ಏರಿಸಿದಂತೆ ಹಲವು ಸ್ಕೋಪ್‌ಗಳಲ್ಲಿ ಅದು ಕುಗ್ಗುತ್ತದೆ. ಹಾಗಾಗಿ ಅತಿ ಹೆಚ್ಚು ಎಕ್ಸ್‌ಗೆ ತಿರುಗಿಸಿಯೇ ಅಳೆಯಿರಿ. ಮಲಗಿ ಹೊಡೆಯುವಾಗ ತಲೆ ಇನ್ನೂ ಎರಡು ಬೆರಳು ಮುಂದೆ ಸರಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಂದು ಅಡ್ಡ ಮಾತು: ಸ್ಪ್ರಿಂಗ್ ಏರ್‌ರೈಫಲ್‌ನದು ಸಣ್ಣ ಒದೆ ಎಂದು ಹಗುರವಾಗಿ ನೋಡಬೇಡಿ. ಅದರ ಪಿಸ್ಟನ್ ಮುಂದೆ ಹೋಗಿ ಬಡಿದು ನಿಲ್ಲುವುದರಿಂದ ರೈಫಲ್ ಮೊದಲು ಹಿಂದಕ್ಕೆ, ಮರುಕ್ಷಣ ಮುಂದಕ್ಕೆ ಜಗ್ಗುತ್ತದೆ. ಹಿಂದಿನ ಒದೆಗಷ್ಟೇ ಸಿದ್ಧವಾದ ಒಳ್ಳೊಳ್ಳೆಯ ಸ್ಕೋಪ್‌ಗಳ ಗಾಜು ಅದರ ಮೇಲೆ ಸಡಿಲವಾಗುತ್ತದೆ. ಏರ್‌ರೈಫಲ್‌ಗೆಂದೇ ಹೇಳಿ ಮಾರುವ ಸ್ಕೋಪನ್ನೇ ಅದಕ್ಕೆ ಕೊಳ್ಳಿ.

<b>ಕೂರಿಸುವಾಗ</b>

ಕೈಯಲ್ಲಿರುವ ದುಡ್ಡು ಸೀಮಿತವಾಗಿದ್ದರೆ ಮೊದಲು ಒಳ್ಳೆಯ ಉಕ್ಕಿನ ಮೌಂಟ್ ಕೊಳ್ಳಿ, ಉಳಿದದ್ದರಲ್ಲಿ ಗಾಜು. ಸಾಮಾನ್ಯ ಬೇಸಿನ ಸ್ಕ್ರೂ 6-48 ಅಳತೆಯದು, ದಪ್ಪ ಮೂರೂವರೆ ಮಿ.ಮೀ. .375ಗಿಂತ ದೊಡ್ಡದಕ್ಕೆ ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್‌ಗಳು ಅದನ್ನು 8-40ಕ್ಕೆ, ಅಂದರೆ ಸುಮಾರು 4.2 ಮಿ.ಮೀ.ಗೆ ಏರಿಸುತ್ತಾರೆ. ಹಳೆಯ .315ರಲ್ಲಿ ಸ್ಕೋಪಿಗೆಂದು ತೂತುಗಳೇ ಇರುವುದಿಲ್ಲ. ಆ ಉಕ್ಕು ಗಟ್ಟಿ, ಗೆರೆ ತಪ್ಪಿದರೆ ಸರಿಪಡಿಸಲಾಗದು. ಲೇತ್ ಅಂಗಡಿಯವರಿಗೆ ಕೊಡದೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಮಾಡಿಸಿ.

ಕೆಲಸ ಶುರುಮಾಡುವ ಮುನ್ನ ರೈಫಲ್ಲಿನಲ್ಲಿ ತೋಟಾ ಕೂರುವ ಕೋಣೆ ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಬೋಲ್ಟ್ (ತೋಟಾ ಒಳಗೆ ತಳ್ಳುವ ಉಕ್ಕಿನ ಸರಳು) ಹೊರಗೆ ತೆಗೆದಿಡಿ. ಸ್ಕ್ರೂ, ತೂತು, ಬೇಸಿನ ತಳ ಎಲ್ಲವನ್ನೂ ಅಸಿಟೋನಿನಿಂದ ಒರೆಸಿ ಎಣ್ಣೆ ಪೂರ್ತಿ ತೆಗೆಯಿರಿ. ಸ್ಕ್ರೂ ಸಡಿಲವಾಗುವುದರ ಹಿಂದೆ ಹೆಚ್ಚಾಗಿ ಇರುವುದು ಈ ಎಣ್ಣೆಯೇ. ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು. ಕೆಂಪು ಹಾಕಿದರೆ ಮುಂದೆ ಬಿಚ್ಚುವಾಗ ಕಾಸಬೇಕಾಗುತ್ತದೆ. ಬೇಸಿನ 6-48 ಸ್ಕ್ರೂಗಳಿಗೆ ಸುಮಾರು 2.3ರಿಂದ 2.8, ರಿಂಗಿನ ಮೇಲ್ಭಾಗದ ಸ್ಕ್ರೂಗಳಿಗೆ 1.7ರಿಂದ 2 ನ್ಯೂಟನ್-ಮೀಟರ್ ಬಿಗಿ. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಇದಕ್ಕೆ ಬಿಗಿ ಅಳೆಯುವ ಟಾರ್ಕ್ ಸ್ಕ್ರೂಡ್ರೈವರ್ ಬೇಕು. ಕೈಯಂದಾಜಿನಲ್ಲಿ ಬಿಗಿದವರು ಹೆಚ್ಚೇ ಬಿಗಿಯುತ್ತಾರೆ, ಆಗ ಕೊಳವೆ ಒಳಗೊಳಗೇ ನುಗ್ಗಾಗಿ ಗುಬ್ಬಿ (ಗುರಿಗೆರೆ ಸರಿಸಲು ಸ್ಕೋಪಿನ ಮೇಲಿರುವ ತಿರುಪು) ತಿರುಗಿಸಿದರೂ ಗೆರೆ ಸರಿಯಾಗಿ ಸರಿಯುವುದಿಲ್ಲ.

ಅಡ್ಡ ತೋಡು ಕೊರೆದ ಬೇಸ್ ಆಗಿದ್ದರೆ ರಿಂಗಿನ ಅಡ್ಡಬೋಲ್ಟನ್ನು ತೋಡಿನ ಮುಂಬದಿಯ ಗೋಡೆಗೆ, ಅಂದರೆ ನಳಿಗೆಯ ಬಾಯಿ ಕಡೆಗೆ, ಒತ್ತಿ ಹಿಡಿದು ಬಿಗಿಯಿರಿ. ರೈಫಲ್ ಹಿಂದೆ ಹೋದಾಗ ಸ್ಕೋಪ್ ಮುಂದೆ ಸರಿಯಲು ನೋಡುತ್ತದಲ್ಲ, ಸರಿಯಲು ಅಲ್ಲಿ ಕೂದಲಷ್ಟೂ ಜಾಗ ಇರಬಾರದು. ರಿಂಗಿನ ಒಳಮೈಗೆ ರಾಳದ ಪುಡಿ ತೆಳ್ಳಗೆ ಸವರುವ ಹಳೆಯ ಉಪಾಯ ಇಂದಿಗೂ ನಡೆಯುತ್ತದೆ. ಪಿಟೀಲಿನವರು ಕಮಾನಿಗೆ ಉಜ್ಜುವ ಅದೇ ರಾಳ. ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಎರಡೂ ಕಡೆಯ ಸಂದು ಸಮನಾಗಿರಲಿ. ಕೊನೆಗೆ ರಿಂಗೂ ಕೊಳವೆಯೂ ಸೇರುವಲ್ಲಿ ಬಿಳಿ ನೇಲ್‌ಪಾಲಿಶಿನ ಸಣ್ಣ ಗೆರೆ ಎಳೆಯಿರಿ. ಮುಂದೆ ಗೆರೆ ತುಂಡಾಗಿ ಕಂಡರೆ ಸ್ಕೋಪ್ ಜಾರಿದೆ ಎಂದರ್ಥ.

<b>ಗುರಿ ಕೂಡಿಸುವಾಗ</b>

ಬೋಲ್ಟ್ ತೆಗೆದ ನಳಿಗೆಯೊಳಗಿಂದ 25 ಮೀಟರ್ ದೂರದ ಗುರಿ ನೋಡಿ, ರೈಫಲ್ ಅಲುಗದಂತೆ ಇಟ್ಟು ಗೆರೆಯನ್ನು ಅಲ್ಲಿಗೆ ತನ್ನಿ. ಗುಂಡು ಹಾರಿಸುವ ಮುನ್ನ ಪುಕ್ಕಟೆ ಪರೀಕ್ಷೆಯೊಂದಿದೆ. ಅದೇ ದೂರದಲ್ಲಿ ಗ್ರಾಫ್ ಹಾಳೆ ಅಂಟಿಸಿ, ತಲೆ ಅಲುಗಿಸದೆ, ಗುಬ್ಬಿಯನ್ನು 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ ತಿರುಗಿಸಿ. ಕಾಲು ಮಿನಿಟಿನ (ಇದು ಕೋನದ ಮಿನಿಟು, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ ಆದರೆ ಪ್ರತಿ ಬದಿಗೂ ಗೆರೆ ಸುಮಾರು 36 ಮಿ.ಮೀ. ಸರಿದು ಹೊರಟ ಚುಕ್ಕಿಗೇ ಮರಳಬೇಕು. ಮರಳದಿದ್ದರೆ ಒಳಗಿನ ಸ್ಪ್ರಿಂಗ್ ದುರ್ಬಲ. ತೋಟಾ ಸುಡದೆ ಸ್ಕೋಪ್ ವಾಪಸ್ ಮಾಡಿ.

ನಂತರ ಕಣ್ಣಿಗೂ ಕಿವಿಗೂ ರಕ್ಷಣೆ ಹಾಕಿಕೊಂಡು 25 ಮೀಟರ್‌ನಲ್ಲಿ ಹಾರಿಸಿ. ಗುಂಡು 9 ಸೆಂ.ಮೀ. ಕೆಳಗೆ ಬಿದ್ದರೆ ಸುಮಾರು 50 ಕ್ಲಿಕ್ ಮೇಲೆ. ಆಮೇಲೆ 100 ಮೀಟರ್. ಅಲ್ಲಿ ಒಂದು ಕ್ಲಿಕ್ ಎಂದರೆ 7 ಮಿ.ಮೀ. ಮೂರು ಮೂರು ಗುಂಡಿನ ಗುಂಪು ನೋಡಿಯೇ ಗುಬ್ಬಿ ಮುಟ್ಟಿ, ಒಂದೇ ಗುಂಡು ನಂಬಬೇಡಿ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ತೋಟಾಗಳನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟು ಅದೇ ದಿನ ಗುರಿ ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ಬಿಸಿಯಾದ ಮದ್ದು ಒತ್ತಡವನ್ನೂ ವೇಗವನ್ನೂ ಏರಿಸುತ್ತದೆ, ಬಿಸಿಯಾದ ನಳಿಗೆ ಗುಂಪನ್ನು ಹರಡುತ್ತದೆ. ಬೆಳಗಿನ ಹೊತ್ತೇ ವಾಸಿ.

ಗುಂಡುಗಳು ಎಲ್ಲೆಂದರಲ್ಲಿ ಬೀಳತೊಡಗಿದರೆ ಮೊದಲು ಬೇಸ್, ಆಮೇಲೆ ರಿಂಗ್, ಆಮೇಲೆ ಮರಕ್ಕೂ ಕಬ್ಬಿಣಕ್ಕೂ ನಡುವಿನ ಸ್ಕ್ರೂ ನೋಡಿ. ಮೂರೂ ಬಿಗಿಯಾಗಿದ್ದರೆ ಮಾತ್ರ ಚೆನ್ನಾಗಿರುವ ಬೇರೆ ಸ್ಕೋಪ್ ಹಾಕಿ ಹೋಲಿಸಿ. ಕರಿಮಣ್ಣಿನ ಧೂಳು ಗಾಜಿನ ಮೇಲೆ ಕೂತಾಗ ಕರ್ಚೀಫು ಹಚ್ಚಬೇಡಿ. ಧೂಳಿನಲ್ಲಿನ ಮರಳಿನ ಕಣ ಲೇಪನವನ್ನು ಗೀರುತ್ತದೆ. ಊದಿ, ಮೆತ್ತನೆ ಬ್ರಷ್ ಆಡಿಸಿ, ಆಮೇಲೆ ಒರೆಸಿ.

ಚುನಾವಣೆ ಬಂತೆಂದರೆ ಸಾಮಾನ್ಯವಾಗಿ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಅಲ್ಲಿ ಹತ್ತಾರು ಬಂದೂಕು ಒಂದಕ್ಕೊಂದು ಒರಗಿ ನಿಂತಿರುತ್ತವೆ. ಕಳಚಿ ಹಾಕಬಲ್ಲ ಮೌಂಟ್ ಇದ್ದರೆ ಸ್ಕೋಪ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಕೊಡಿ, ರಶೀದಿಯಲ್ಲಿ ‘ಸ್ಕೋಪ್ ಸಹಿತ’ ಎಂದು ಬರೆಸಿಕೊಳ್ಳಿ. ವಾಪಸ್ ತಂದ ದಿನ ನೇಲ್‌ಪಾಲಿಶಿನ ಗೆರೆ ನೋಡಿ, 100 ಮೀಟರ್‌ನಲ್ಲಿ ಮತ್ತೆ ಮೂರು ಗುಂಡು ಹಾರಿಸಿ.