ಮಕ್ಕಳಿಗೆ ‘ರನ್’ ಕಲಿಸಿದ ಬಗೆ

ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ‘ರನ್’ ಅಂದರೆ ಓಡು ಅಂತ ಎಲ್ಲರಿಗೂ ಗೊತ್ತು. ಕ್ರಿಕೆಟ್ಟಿನ ರನ್ನಂತೂ ಇನ್ನೂ ಚೆನ್ನಾಗಿ ಗೊತ್ತು. ಆದರೆ ‘ಹರ್ ನೋಸ್ ಈಸ್ ರನ್ನಿಂಗ್’ ಅಂದರೆ, ಮೂಗು ಹೇಗೆ ಓಡುತ್ತದೆ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಪೀಟರ್ ಗಿಲಿವರ್ ಈ ಒಂದು ಪದವನ್ನು ಪರಿಷ್ಕರಿಸಲು 9 ತಿಂಗಳು ಕೂತಿದ್ದರು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ ಸಿಕ್ಕಿದವು!

ಅಷ್ಟನ್ನೂ ಬಾಯಿಪಾಠ ಮಾಡಿಸುವುದು ಸುಮ್ನೆ ಹಿಂಸೆ. ನಾನು ಕನ್ನಡದಿಂದ ಶುರು ಮಾಡುತ್ತೇನೆ. ಬೋರ್ಡಿನ ಮೇಲೆ ‘ಹೊಡೆ’ ಅಂತ ಬರೆದು, ಏನೇನು ಹೊಡೆಯುತ್ತಾರೆ ಹೇಳಿ ಅನ್ನುತ್ತೇನೆ. ಗಂಟೆ, ಸೀಟಿ, ಹರಟೆ, ಗೊರಕೆ, ಗೋಡೆಗೆ ಸುಣ್ಣ, ಬೆಳೆಗೆ ಔಷಧಿ, ಎತ್ತಿನ ಗಾಡಿ... ಬೋರ್ಡು ತುಂಬಿಹೋಗುತ್ತದೆ. ಹರಟೆಗೆ ಯಾರೂ ಏಟು ಕೊಡುವುದಿಲ್ಲ. ಪಕ್ಕದ ಪದ ನೋಡಿಯೇ ನಮಗೆ ಅರ್ಥವಾಗುತ್ತದೆ, ಅಲ್ವಾ? ‘ರನ್’ ಕೂಡ ಹಾಗೇ ಅಂತ ಆಗ ಹೇಳುತ್ತೇನೆ. ಈ ಧೈರ್ಯ ಬಂದರೆ ಅರ್ಧ ಕೆಲಸ ಮುಗಿದಂತೆ.

ಆಮೇಲೆ ಅದರ ಜೊತೆಯ ಪದಗಳನ್ನು ಹಿಡಿಯುತ್ತೇವೆ. ನಲ್ಲಿ ರನ್ ಆದರೆ ನೀರು ಸುರಿಯುತ್ತಿದೆ. ಬಟ್ಟೆಯ ಬಣ್ಣ ರನ್ ಆದರೆ ಬಣ್ಣ ಬಿಡುತ್ತಿದೆ. ಹೋಟೆಲ್ ರನ್ ಮಾಡಿದರೆ ನಡೆಸುವುದು. ಬಸ್ಸು ಮಾತ್ರ ಎರಡೂ ಭಾಷೆಯಲ್ಲಿ ಓಡುತ್ತದೆ. ಚುನಾವಣೆಗೆ ಅಮೆರಿಕದವರು ‘ರನ್’ ಅನ್ನುತ್ತಾರೆ, ಬ್ರಿಟನ್ನಿನವರು ನಮ್ಮ ಹಾಗೆ ನಿಲ್ಲುತ್ತಾರೆ.

ಜಾಸ್ತಿ ಹೊತ್ತು ಹಿಡಿಯುವುದು ‘ರನ್ ಔಟ್’. ಕ್ರಿಕೆಟ್ಟಿನಿಂದ ಅದು ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಹಾಗಾಗಿ ಎರಡು ವಾಕ್ಯ ಒಂದರ ಕೆಳಗೊಂದು ಬರೆಯುತ್ತೇನೆ: ‘ವಿ ರ‍್ಯಾನ್ ಔಟ್ ಆಫ್ ರೈಸ್’, ‘ವಿ ರ‍್ಯಾನ್ ಔಟ್ ಆಫ್ ದ ರೂಮ್’. ಮೊದಲನೆಯದರಲ್ಲಿ ಅಕ್ಕಿ ಖಾಲಿಯಾಗಿದೆ. ಎರಡನೆಯದರಲ್ಲಿ ನಿಜಕ್ಕೂ ಕೋಣೆಯಿಂದ ಹೊರಗೆ ಓಡಿದ್ದಾರೆ. ‘ಆಫ್’ ಆದಮೇಲೆ ಬಂದಿರುವುದು ಸಾಮಾನೋ ಜಾಗವೋ ನೋಡಿ ಅನ್ನುತ್ತೇನೆ. ಹಾಲು, ದುಡ್ಡು, ಟೈಮು, ಸ್ಕೂಲು, ಮನೆ ಅಂತ ಒಂದೊಂದನ್ನೇ ಅಲ್ಲಿ ಇಟ್ಟು ಮಕ್ಕಳು ತಾವೇ ಪರೀಕ್ಷೆ ಮಾಡುತ್ತಾರೆ. ಟೈಮು ಖಾಲಿಯಾಗುವ ಸಾಮಾನೇನಾ ಅಂತ ಜಗಳವೂ ಆಗುತ್ತದೆ. ಆ ಜಗಳ ನನಗೆ ಬಹಳ ಇಷ್ಟ.

ನೋಟ್‌ಬುಕ್ಕಿನಲ್ಲಿ ಬರೀ ಅರ್ಥ ಬರೆಯಲು ನಾನು ಬಿಡುವುದಿಲ್ಲ. ಪೂರ್ತಿ ವಾಕ್ಯವೇ ಇರಬೇಕು, ಅದೂ ಅವರ ಮನೆಯಲ್ಲಿ ನಿಜವಾಗಿ ನಡೆದದ್ದರ ಬಗ್ಗೆ.