ಸುಟ್ಟ ಜಾಗ ಹುಡುಕಿಕೊಂಡು ಹೋಗಿ: ಟಾಲ್‌ಗ್ರಾಸ್ ಪ್ರೇರಿಯಲ್ಲಿ ನನ್ನ ಅನುಭವ

"ಏಪ್ರಿಲ್‌ನಲ್ಲಿ ಅಲ್ಲೇನಿರುತ್ತೆ ಮಾರಾಯ, ಬರೀ ಕರೀ ನೆಲ." ಕನ್ಸಾಸ್ ಸಿಟಿ ಕಡೆಯ ನನ್ನ ಫೋಟೋ ಗೆಳೆಯರದ್ದು ಇದೇ ರಾಗ. ಅಮೆರಿಕದ ಕನ್ಸಾಸ್ ರಾಜ್ಯದ ಸಂರಕ್ಷಿತ ಹುಲ್ಲುಗಾವಲು ಟಾಲ್‌ಗ್ರಾಸ್ ಪ್ರೇರಿ ನ್ಯಾಷನಲ್ ಪ್ರಿಸರ್ವ್‌ಗೆ ಹೋಗುವುದಾದರೆ ಸೆಪ್ಟೆಂಬರ್‌ನಲ್ಲಿ, ಹುಲ್ಲು ಆಳೆತ್ತರ ಬೆಳೆದಾಗ ಹೋಗಬೇಕು ಅನ್ನುತ್ತಾರೆ. ನಾನೂ ಸೆಪ್ಟೆಂಬರ್‌ನಲ್ಲಿ ಹೋದವನೇ. ಬಿಗ್ ಬ್ಲೂಸ್ಟೆಮ್ ಅನ್ನುವ ಹುಲ್ಲು ಎದೆ ಮಟ್ಟ ಇತ್ತು, ತಗ್ಗಿನಲ್ಲಿ ತಲೆ ಮೇಲೆ. ಹುಲ್ಲಿನ ಫೋಟೋ ಬೇಕಾದಷ್ಟು ಸಿಕ್ಕಿತು, ಬೈಸನ್ನಿನ (ಅಮೆರಿಕದ ದೊಡ್ಡ ಕಾಡುದನ) ಬೆನ್ನು ಒಂದೆರಡು ಸಿಕ್ಕಿತು, ಅಷ್ಟೇ. ಈಗ ನನ್ನ ಲೆಕ್ಕವೇ ಬೇರೆ. ಬೆಂಕಿ ಹಾಕಿ ಎರಡು ಮೂರು ವಾರ ಆದ ಜಾಗ ಯಾವುದು ಅಂತ ಪತ್ತೆ ಮಾಡುವುದು, ಸೀದಾ ಅಲ್ಲಿಗೇ ಹೋಗುವುದು. ಈ ಸಲ ಕೇಸರಿ ಬಣ್ಣದ ಬೈಸನ್ ಕರುಗಳ ಫೋಟೋ ತೋರಿಸಿದ ಮೇಲೆ ನಕ್ಕವರೇ "ಯಾವ ವಾರ ಹೋಗಿದ್ದೆ?" ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪ್ರಿಸರ್ವ್ ಇರುವ ಗುಡ್ಡಸಾಲು ಫ್ಲಿಂಟ್ ಹಿಲ್ಸ್. ಅಲ್ಲಿ ಹಳೇ ಒಣಹುಲ್ಲು ಹೋಗಿ ಹೊಸ ಚಿಗುರು ಬರಲಿ ಅಂತ ಮಾರ್ಚ್ ಕೊನೆಗೆ, ಏಪ್ರಿಲ್‌ನಲ್ಲಿ ಬೇಕೆಂದೇ ಬೆಂಕಿ ಹಾಕುತ್ತಾರೆ. ಪ್ರಿಸರ್ವ್‌ನಲ್ಲಿ ಎಲ್ಲ ಜಾಗವನ್ನೂ ಒಂದೇ ವರ್ಷ ಸುಡುವುದಿಲ್ಲ, ತುಂಡು ತುಂಡಾಗಿ ಸುಡುತ್ತಾರೆ. ಚಿಗುರು ಎಲ್ಲೋ ಬೈಸನ್ ಅಲ್ಲೇ. ನಾನು ತುಮಕೂರು ಜಿಲ್ಲೆಯವನು, ಅಮೃತಮಹಲ್ ದನಗಳ ಹುಲ್ಲುಗಾವಲು ಕಾವಲಿನ ಪಕ್ಕದಲ್ಲೇ ಬೆಳೆದವನು. ಸುಟ್ಟ ಹುಲ್ಲಿನ ಚಿಗುರಿಗೆ ದನ ಕುರಿ ಹೇಗೆ ಮುಗಿಬೀಳುತ್ತವೆ ಅಂತ ನಮ್ಮೂರ ಕುರಿ ಕಾಯುವವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಪ್ರಿಸರ್ವ್ ಸುಮಾರು 11,000 ಎಕರೆ ಇದೆ, ಸುಮ್ನೆ ನಡೆದರೆ ಸಿಗುವ ಮಾತಲ್ಲ. ಮೊದಮೊದಲು ಉಪಗ್ರಹದಿಂದ ಬೆಂಕಿ ಎಲ್ಲಿದೆ ಅಂತ ಚುಕ್ಕೆ ಇಟ್ಟು ತೋರಿಸುವ ನಾಸಾದವರ ಫರ್ಮ್ಸ್ (FIRMS) ನಕ್ಷೆ ನೋಡುತ್ತಿದ್ದೆ. ಅದು ಬಿಟ್ಟಿ ಸಿಗುತ್ತದೆ, ಆದರೆ ಏಪ್ರಿಲ್‌ನಲ್ಲಿ ಫ್ಲಿಂಟ್ ಹಿಲ್ಸ್ ಪೂರ್ತಿ ಕೆಂಪು ಚುಕ್ಕೆ. ಸುತ್ತಲಿನ ರ‍್ಯಾಂಚ್‌ನವರೂ ಸುಡುತ್ತಾರಲ್ಲ, ಯಾವ ಚುಕ್ಕೆ ಬೇಲಿಯ ಯಾವ ಕಡೆ ಅಂತ ತಿಳಿಯುವುದಿಲ್ಲ. ಆಮೇಲೆ ಸೆಂಟಿನೆಲ್-2 ಉಪಗ್ರಹದ ಚಿತ್ರ ಹಿಡಿದೆ. ಅದೂ ಬಿಟ್ಟಿ, ಐದು ದಿನಕ್ಕೊಮ್ಮೆ ಬರುತ್ತದೆ, ಚಿತ್ರದ ಒಂದು ಚುಕ್ಕೆ (ಪಿಕ್ಸೆಲ್) ಅಂದರೆ ನೆಲದ ಮೇಲೆ 10 ಮೀಟರ್. ಮೋಡ ಇಲ್ಲದಿದ್ದರೆ ಸುಟ್ಟ ಪಟ್ಟಿ ಕಪ್ಪಗೆ ಎದ್ದು ಕಾಣುತ್ತದೆ. 177ನೇ ಹೆದ್ದಾರಿ ಮತ್ತು ಫಾಕ್ಸ್ ಕ್ರೀಕ್ ಹಳ್ಳ ಗುರುತಿಟ್ಟುಕೊಂಡರೆ ಜಾಗ ಸಿಕ್ಕಿತು. ಎಲ್ಲಕ್ಕಿಂತ ಸುಲಭ, ವಿಸಿಟರ್ ಸೆಂಟರ್‌ನಲ್ಲಿ ರೇಂಜರ್‌ ಹತ್ತಿರ ಕೇಳುವುದು. ಆದರೆ ಮೊದಲೇ ಗೊತ್ತಿದ್ದರೆ ಯಾವ ವಾರ ರಜೆ ಹಾಕಬೇಕು ಅಂತ ಮನೆಯಲ್ಲೇ ಕೂತು ನಿರ್ಧರಿಸಬಹುದು. ಬೆಂಕಿ ಆದ ಮೇಲೆ ಒಂದು ಒಳ್ಳೆ ಮಳೆ ಬಿದ್ದಿರಬೇಕು. ಮಳೆ ಇಲ್ಲದಿದ್ದರೆ ಇನ್ನೊಂದು ವಾರ ತಡೆಯಿರಿ.

ಅಲ್ಲಿ ಮೊದಲು ಕುಕ್ಕರುಗಾಲಲ್ಲಿ ಕೂತು ನೆಲ ನೋಡಿ. ಮಸಿಯ ನಡುವೆ ಸುಣ್ಣಕಲ್ಲು ಬೆಳ್ಳಗೆ, ಫ್ಲಿಂಟ್ (ಚಕಮಕಿ ಕಲ್ಲು) ಚೂರುಗಳ ಅಂಚು ಚೂಪಾಗಿ ಕಾಣುತ್ತವೆ. ಈ ಕಲ್ಲುಗಳಿಂದಲೇ ಇಲ್ಲಿ ನೇಗಿಲು ಇಳಿಯಲಿಲ್ಲ, ಹುಲ್ಲು ಉಳಿಯಿತು. ಚಿಗುರು ಎರಡು ಬೆರಳುದ್ದ, ಕೆಲವದರ ತುದಿ ಕಂದು. ಬೆಂಕಿ ಹಾರಿ ಬಿಟ್ಟ ಅಂಚಿನಲ್ಲಿ ಗ್ರೌಂಡ್ ಪ್ಲಮ್ ಅನ್ನುವ ಗಿಡ ನೆಲಕ್ಕೆ ಅಂಟಿಕೊಂಡು ನೇರಳೆ ಹೂ ಬಿಟ್ಟಿರುತ್ತದೆ. ಮೇ ಮೊದಲ ವಾರಗಳಲ್ಲಿ ಕ್ರೀಮ್ ವೈಲ್ಡ್ ಇಂಡಿಗೋ ಅನ್ನುವ ಕಾಡುಗಿಡದ ಹೂ. ಅದರ ಹೂಗೊನೆ ನೆಟ್ಟಗೆ ನಿಲ್ಲುವುದಿಲ್ಲ, ಪಕ್ಕಕ್ಕೆ ಬಾಗಿ ನೆಲ ಸವರುತ್ತದೆ. ಹಳೇ ಒಣಹುಲ್ಲು ಇದ್ದ ಕಡೆ ಇವು ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ದುಡ್ಡು ಹಾಳಾದದ್ದು ಗಾಳಿಯಿಂದ. ದೂರದ್ದನ್ನು ಹತ್ತಿರ ತೋರಿಸುವ 150-600 ಎಂಎಂ ಲೆನ್ಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸುಮಾರು 700 ಡಾಲರ್ ಕೊಟ್ಟು ತಗೊಂಡಿದ್ದೆ. ಗುಡ್ಡದ ಮೇಲೆ ಟ್ರೈಪಾಡ್ ಸಮೇತ ಮಗುಚಿ ಕ್ಯಾಮೆರಾಗೆ ಸಿಕ್ಕಿಸುವ ಮೌಂಟ್ ಸೊಟ್ಟಗಾಯಿತು. ರಿಪೇರಿಗೆ ಇನ್ನೂರೈವತ್ತು ಚಿಲ್ಲರೆ ಹೋಯಿತು, ಅಂಗಡಿಯವನು ಆ ಸೀಸನ್ ಪೂರ್ತಿ ಇಟ್ಟುಕೊಂಡು ಕೊನೆಗೆ ಒಳಗೆ ಧೂಳಿನ ಸಮೇತ ವಾಪಸ್ ಕೊಟ್ಟ. ಈಗ ಟ್ರೈಪಾಡ್ ಒಯ್ಯುವುದೇ ಇಲ್ಲ. ಹಳೇ ಜೀನ್ಸ್‌ನ ಒಂದು ಕಾಲು ಕತ್ತರಿಸಿ, ಎರಡು ಕಿಲೋ ಸೋನಾ ಮಸೂರಿ ತುಂಬಿ ಹೊಲಿದಿದ್ದೇನೆ. ನೆಲದ ಮೇಲಿಟ್ಟು ಲೆನ್ಸ್ ಕೂರಿಸಿದರೆ ಕನ್ಸಾಸ್ ಗಾಳಿಗೂ ಅಲ್ಲಾಡುವುದಿಲ್ಲ. ಸಾವಿರ ಡಾಲರ್ ಕಾರ್ಬನ್ ಟ್ರೈಪಾಡ್‌ನವರಿಗಿಂತ ನನ್ನ ಫೋಟೋ ಶಾರ್ಪ್ ಬಂದಿವೆ, ಬೇಕಾದರೆ ಪಕ್ಕಪಕ್ಕ ಇಟ್ಟು ನೋಡಿ.

ನೆಲಕ್ಕೆ ಮಲಗುವವರಿಗೆ ಉಣುಗಿನ ಕಾಟ. ಪ್ಯಾಂಟಿಗೂ ಶೂಗೂ ಹಿಂದಿನ ದಿನವೇ ಪರ್ಮೆಥ್ರಿನ್ (ಉಣುಗು ಕೊಲ್ಲುವ ಸ್ಪ್ರೇ) ಹೊಡೆದು ಒಣಗಿಸಿ. ಲೋನ್ ಸ್ಟಾರ್ ಉಣುಗು ಕಚ್ಚಿದರೆ ಕೆಲವರಿಗೆ ಮಾಂಸದ ಅಲರ್ಜಿ ಬರುತ್ತದೆ. ನಮ್ಮ ಸಸ್ಯಾಹಾರಿ ಗೆಳೆಯನೊಬ್ಬ "ನನಗೇನು ಹೋಗಬೇಕು" ಅಂದ. ಕೆಲವರಿಗೆ ಹಾಲು ಮೊಸರೂ ಆಗಿಬರುವುದಿಲ್ಲ ಅಂದ ಮೇಲೆ ಸ್ಪ್ರೇ ಇಸಿದುಕೊಂಡ.

ಬೈಸನ್ ಇರುವುದು ಪ್ರಿಸರ್ವ್‌ನ ಒಳಗಿನ ವಿಂಡ್‌ಮಿಲ್ ಪಾಸ್ಚರ್ ಅನ್ನುವ ಹುಲ್ಲುಗಾವಲಿನಲ್ಲಿ. 2009ರಲ್ಲಿ ಸೌತ್ ಡಕೋಟಾದ ವಿಂಡ್ ಕೇವ್ ನ್ಯಾಷನಲ್ ಪಾರ್ಕ್‌ನಿಂದ 13 ತಂದು ಬಿಟ್ಟರು, ಈಗ ನೂರರ ಆಸುಪಾಸು ಇವೆ. ನೂರು ಗಜ ದೂರ ಬಿಡಲೇಬೇಕು, ಕರು ಇರುವಾಗ ಇನ್ನೂ ಜಾಸ್ತಿ. ನಾನು ಹಿಂದೆ ಬಿದ್ದು ಹೋಗುವುದಿಲ್ಲ, ದೂರದಲ್ಲೇ ಒಂದು ಕಡೆ ಕೂರುತ್ತೇನೆ, ಅವೇ ಎದುರಿಗೆ ಹಾದು ಹೋಗುತ್ತವೆ. ಎಲ್ಲಿ ಅಂತ ಹೇಳುವುದಿಲ್ಲ. ಗಾಳಿ ಮತ್ತು ನೀರು ಎರಡನ್ನೂ ನೋಡಿದರೆ ನಿಮಗೇ ಹೊಳೆಯುತ್ತದೆ.

ನಡುವೆ ಒಂದು ತಮಾಷೆ. ದೋಸೆ ಕಾವಲಿ ಬಿಸಿ ನೋಡಲು ತಗೊಂಡಿದ್ದ ಇನ್‌ಫ್ರಾರೆಡ್ ಥರ್ಮಾಮೀಟರ್ ಜೇಬಿನಲ್ಲಿತ್ತು. ಮಧ್ಯಾಹ್ನ ಸುಟ್ಟ ನೆಲಕ್ಕೆ ಹಿಡಿದರೆ 27 ಡಿಗ್ರಿ ಹತ್ತಿರ, ಸುಡದ ಕಡೆ ಒಣಹುಲ್ಲು ಸರಿಸಿ ಹಿಡಿದರೆ 18 ಇರಬಹುದು. ಚಿಗುರು ಅಲ್ಲಿ ಯಾಕೆ ಬೇಗ ಬಂತು ಅಂತ ಬೇರೆ ಹೇಳಬೇಕಾ?

ಪ್ರೇರಿ ಚಿಕನ್ ಅನ್ನುವ ಕಾಡುಕೋಳಿಯಂಥ ಹಕ್ಕಿಯ ದನಿ ಹಿಡಿಯುವುದು ಮಾತ್ರ ಇನ್ನೂ ಕೈಗೆ ಬಂದಿಲ್ಲ. ಗಂಡುಗಳು ಬೆಳಗಿನ ಜಾವ ಗಿಡ್ಡ ಹುಲ್ಲಿನ ದಿಬ್ಬದಲ್ಲಿ ಸೇರಿ, ಖಾಲಿ ಬಾಟಲಿ ಬಾಯಿಗೆ ಊದಿದ ಹಾಗೆ ದನಿ ತೆಗೆಯುತ್ತವೆ. ದೂರದಿಂದಲೇ ಕಿವಿಗೆ ಚೆನ್ನಾಗಿ ಕೇಳುತ್ತದೆ, ರೆಕಾರ್ಡರ್‌ನಲ್ಲಿ ಬರೀ ಗಾಳಿ. ಹಳೇ ಕಲ್ಲಿನ ಗೋಡೆ ಸಂದಿನಲ್ಲಿಟ್ಟು ನೋಡಿದೆ, ಸ್ವಲ್ಪ ವಾಸಿ. ಮುಂದಿನ ಮಾರ್ಚ್‌ಗೆ ಮೈಕಿಗೆ ಗಾಳಿ ತಡೆಯುವ ತುಪ್ಪಳದ ಕವರ್ ಹಾಕಿ ನೋಡುತ್ತೇನೆ. ಇದರ ಜಾಗವನ್ನೂ ಕೇಳಬೇಡಿ, ಜನ ಜಾಸ್ತಿ ಆದರೆ ಹಕ್ಕಿ ಎದ್ದು ಹೋಗುತ್ತವೆ.

ಖರ್ಚು ಕೇಳುವವರಿಗೆ: ಪ್ರವೇಶ ಶುಲ್ಕ ಇಲ್ಲ. ಕನ್ಸಾಸ್ ಸಿಟಿಯಿಂದ ಎಂಪೋರಿಯಾ ಮೇಲೆ ಪ್ರಿಸರ್ವ್ ಪಕ್ಕದ ಊರು ಸ್ಟ್ರಾಂಗ್ ಸಿಟಿಗೆ ಎರಡು ಗಂಟೆ ದಾರಿ, ಹೋಗಿಬರಲು ನನಗೆ ಪೆಟ್ರೋಲ್ 30 ಡಾಲರ್ ಒಳಗೆ ಆಯಿತು, ಡಬ್ಬಿಯಲ್ಲಿ ಚಿತ್ರಾನ್ನ. ಒಳಗೆ ಕ್ಯಾಂಪ್ ಮಾಡಲು ಬಿಡುವುದಿಲ್ಲ, ಆದರೆ ಟ್ರೇಲ್‌ಗಳು 24 ಗಂಟೆ ತೆರೆದಿರುತ್ತವೆ. ರಾತ್ರಿ ಮೂರೂವರೆಗೆ ಮನೆ ಬಿಟ್ಟರೆ ಬೆಳಕು ಹರಿಯುವ ಮೊದಲೇ ಗೇಟಿನಲ್ಲಿರುತ್ತೀರಿ. ಬಿಳೀ ಶೂ ಹಾಕಬೇಡಿ.