ಅಮೆರಿಕದ ಬೇಸಿಗೆ ರಜೆ: ಕ್ಯಾಂಪು, ರೋಡ್ ಟ್ರಿಪ್ಪು ಮತ್ತು ಹತ್ತು ವಾರದ ಲೆಕ್ಕ

ನಮ್ಮೂರಲ್ಲಿ ಬೇಸಿಗೆ ರಜೆ ಅಂದರೆ ಏಪ್ರಿಲ್, ಮೇ. ಪರೀಕ್ಷೆ ಮುಗಿದ ಮರುದಿನ ಮಕ್ಕಳನ್ನು ಅಜ್ಜಿ ಮನೆಗೆ ಬಿಟ್ಟು ಬಂದರೆ ಆಯಿತು. ಫಾರ್ಮ್ ತುಂಬಬೇಕಿಲ್ಲ, ಫೀಸು ಕಟ್ಟಬೇಕಿಲ್ಲ. ಅಮೆರಿಕದಲ್ಲಿ ಶಾಲೆ ಮೇ ಕೊನೆಗೋ ಜೂನ್ ಮಧ್ಯಕ್ಕೋ ಮುಗಿಯುತ್ತದೆ. ಮತ್ತೆ ಶುರುವಾಗುವುದು ಆಗಸ್ಟ್‌ನಲ್ಲಿ, ಕೆಲವು ಕಡೆ ಸೆಪ್ಟೆಂಬರ್ ಮೊದಲ ವಾರದಲ್ಲಿ. ನಡುವೆ ಸುಮಾರು ಹತ್ತು, ಹನ್ನೊಂದು ವಾರ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಪ್ರತಿ ವಾರಕ್ಕೂ ಒಂದು ಏರ್ಪಾಟು ಬೇಕು. ಆ ಏರ್ಪಾಟಿಗೆ ಕೂರಬೇಕಾದದ್ದು ಹೊರಗೆ ಇನ್ನೂ ಹಿಮ ಬಿದ್ದಿರುವ ಜನವರಿಯಲ್ಲಿ.

ನಾವಿರುವುದು ಒಹಾಯೊದಲ್ಲಿ. ಇಬ್ಬರು ಮಕ್ಕಳು. ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಮೇ ತಿಂಗಳಲ್ಲಿ ಕ್ಯಾಂಪ್, ಅಂದರೆ ಮಕ್ಕಳ ಬೇಸಿಗೆ ಶಿಬಿರ, ಹುಡುಕಲು ಕೂತೆ. ಎಲ್ಲ ಕಡೆ ವೇಟ್‌ಲಿಸ್ಟ್. ಕೊನೆಗೆ ಮನೆಯಿಂದ ನಲವತ್ತು ನಿಮಿಷ ದೂರದಲ್ಲಿ ಒಂದು ಸಿಕ್ಕಿತು. ಅದೂ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಮಾತ್ರ. ಆರು ವಾರ ನಾನೂ ನನ್ನ ಗಂಡನೂ ಸರದಿಯ ಮೇಲೆ ಆಫೀಸ್ ಬಿಟ್ಟು ಓಡಾಡಿದೆವು. ಮಗಳು ಕಾರಿನ ಹಿಂದಿನ ಸೀಟಿನಲ್ಲೇ ಡಬ್ಬಿ ತೆರೆದು ಊಟ ಮಾಡುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ. ಹೊಸದಾಗಿ ಬಂದವರಿಗೆ ಹಾಗಾಗದಿರಲಿ ಎಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನ, ಅಂದರೆ ನಿಮ್ಮ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತದ, ಕ್ಯಾಲೆಂಡರ್ ತೆಗೆಯಿರಿ. ರಜೆಯಲ್ಲಿ ಬರುವ ಎಲ್ಲ ಸೋಮವಾರಗಳನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಇಲ್ಲಿ ಕ್ಯಾಂಪ್‌ಗಳು ವಾರದ ಲೆಕ್ಕದಲ್ಲಿ ನಡೆಯುತ್ತವೆ, ಹಾಗಾಗಿ ನಿಮ್ಮ ಲೆಕ್ಕವೂ ವಾರದ್ದೇ ಇರಲಿ. ಈಗ ಮೂರು ಕಡೆ ಗುರುತು ಹಾಕಿ. ಶಾಲೆ ಮುಗಿದ ಕೂಡಲೇ ಬರುವ ವಾರ, ಇಲ್ಲಿನ ಸ್ವಾತಂತ್ರ್ಯ ದಿನವಾದ ಜುಲೈ 4 ಬರುವ ವಾರ, ಶಾಲೆ ಶುರುವಾಗುವ ಮುಂಚಿನ ಒಂದೆರಡು ವಾರ. ಇವುಗಳಲ್ಲಿ ಕ್ಯಾಂಪ್ ಸಿಗುವುದು ಕಷ್ಟ. ಅದರಲ್ಲೂ ಕೊನೆಯ ವಾರಗಳು. ಕ್ಯಾಂಪ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೌನ್ಸೆಲರ್‌ಗಳಲ್ಲಿ ಹೆಚ್ಚಿನವರು ಕಾಲೇಜು ಹುಡುಗ ಹುಡುಗಿಯರು. ಆಗಸ್ಟ್‌ನಲ್ಲಿ ಅವರು ತಮ್ಮ ಕಾಲೇಜಿಗೆ ಹೊರಟರೆ ಕ್ಯಾಂಪ್ ನಡೆಸಲು ಜನ ಇರುವುದಿಲ್ಲ. ರೋಡ್ ಟ್ರಿಪ್ಪನ್ನು ಈ ಖಾಲಿ ವಾರಕ್ಕೇ ಇಟ್ಟುಕೊಳ್ಳಿ. ಎಷ್ಟೋ ಮನೆಗಳಲ್ಲಿ ಜೂನ್‌ನಲ್ಲೇ ರಜೆ ಹಾಕಿ ಸುತ್ತಿ ಬಂದು, ಆಗಸ್ಟ್‌ನಲ್ಲಿ ಮಕ್ಕಳನ್ನು ಎಲ್ಲಿ ಬಿಡುವುದು ಎಂದು ಕಂಗಾಲಾಗುವುದನ್ನು ನೋಡಿದ್ದೇನೆ. ಮೊದಲು ಟ್ರಿಪ್ಪಿನ ವಾರ ಗಟ್ಟಿ ಮಾಡಿ, ಉಳಿದ ವಾರಗಳಿಗೆ ಕ್ಯಾಂಪ್ ಹುಡುಕಿ.

ಎಲ್ಲಿ ಹುಡುಕುವುದು? ನಿಮ್ಮ ಊರಿನ ಪಾರ್ಕ್ಸ್ ಆಂಡ್ ರಿಕ್ರಿಯೇಶನ್ ವಿಭಾಗದಿಂದ ಶುರು ಮಾಡಿ. ಎಲ್ಲಕ್ಕಿಂತ ಅಗ್ಗ ಸಾಮಾನ್ಯವಾಗಿ ಅದೇ. ಊರಿನ ನಿವಾಸಿಗಳಿಗೆ ಹೊರಗಿನವರಿಗಿಂತ ಕೆಲವು ದಿನ ಮೊದಲೇ ನೋಂದಣಿ ತೆರೆಯುವ ರೂಢಿ ಬಹಳ ಕಡೆ ಇದೆ. ವಿಳಾಸ ತೋರಿಸಲು ಕರೆಂಟ್ ಬಿಲ್ಲೋ ಬಾಡಿಗೆ ಕರಾರೋ ಕೇಳಬಹುದು. ಆಮೇಲೆ ವೈಎಂಸಿಎ ಎಂಬ ಸೇವಾ ಸಂಸ್ಥೆ. ಆದಾಯ ಕಡಿಮೆ ಇದ್ದರೆ ಫೀಸಿನಲ್ಲಿ ಸಹಾಯ ಕೇಳುವ ಅರ್ಜಿ ಅಲ್ಲಿ ಇರುತ್ತದೆ, ಸಂಕೋಚ ಬೇಡ. ಝೂ, ವಿಜ್ಞಾನ ಮ್ಯೂಸಿಯಂ, ಚಿತ್ರಕಲೆ, ಕೋಡಿಂಗ್, ಸಾಕರ್ ಕ್ಯಾಂಪ್‌ಗಳು ಚೆನ್ನಾಗಿರುತ್ತವೆ, ದುಬಾರಿಯೂ ಹೌದು. ಲೈಬ್ರರಿಯ ಬೇಸಿಗೆ ಓದಿನ ಕಾರ್ಯಕ್ರಮ ಪೂರ್ತಿ ಉಚಿತ. ಕೆಲವು ಲೈಬ್ರರಿಗಳು ಪುಸ್ತಕ ಕೊಡುವ ಹಾಗೇ ಮ್ಯೂಸಿಯಂ ಪಾಸ್ ಕೂಡ ಎರವಲು ಕೊಡುತ್ತವೆ. ರಾತ್ರಿ ಉಳಿಯುವ ಸ್ಲೀಪ್‌ಅವೇ ಕ್ಯಾಂಪ್ ಮೊದಲ ಬೇಸಿಗೆಗೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಮಗುವೇ ಕೇಳುವವರೆಗೆ ಕಾಯಿರಿ. ಕಳಿಸುವುದಾದರೆ ಅಮೆರಿಕನ್ ಕ್ಯಾಂಪ್ ಅಸೋಸಿಯೇಶನ್‌ನ ಮಾನ್ಯತೆ ಇದೆಯೇ ಎಂದು ನೋಡಿ.

ನೋಂದಣಿ ಮಾಡುವಾಗ ‘ರೈಸಿಂಗ್ ಥರ್ಡ್ ಗ್ರೇಡರ್’ ಎಂಬ ಮಾತು ಬಂದರೆ ಗಲಿಬಿಲಿ ಬೇಡ. ಬರುವ ಶಾಲಾ ವರ್ಷದಲ್ಲಿ ಮೂರನೇ ತರಗತಿಗೆ ಹೋಗುವ ಮಗು ಎಂದು ಅರ್ಥ. ಕೆಲವರು ಮುಗಿಸಿದ ತರಗತಿ ಕೇಳುತ್ತಾರೆ, ಕೆಲವರು ವಯಸ್ಸು ಕೇಳುತ್ತಾರೆ. ಸರಿಯಾಗಿ ಓದಿ ಹಾಕಿ. ಕ್ಯಾಂಪ್ ಸಮಯ ಒಂಬತ್ತರಿಂದ ಮೂರೋ ನಾಲ್ಕೋ ಇರುತ್ತದೆ. ಅದರ ಮುಂಚೆ ಬಿಡಲು ಬಿಫೋರ್ ಕೇರ್, ಸಂಜೆ ತಡವಾಗಿ ಕರೆದುಕೊಂಡು ಬರಲು ಆಫ್ಟರ್ ಕೇರ್. ಇವೆರಡಕ್ಕೂ ಬೇರೆ ದುಡ್ಡು, ಜಾಗವೂ ಬೇರೆಯಾಗಿ ತುಂಬುತ್ತದೆ. ಕ್ಯಾಂಪ್ ಸಿಕ್ಕಿತು ಎಂದು ಖುಷಿಯಾಗಿ ಇದನ್ನು ಮರೆಯಬೇಡಿ. ಮುಂಗಡ ದುಡ್ಡು ಎಷ್ಟೋ ಕಡೆ ವಾಪಸ್ ಬರುವುದಿಲ್ಲ. ಆ ನಿಯಮ ಓದಿಯೇ ಕಾರ್ಡ್ ನಂಬರ್ ಹಾಕಿ.

ಆಮೇಲೆ ಕಾಗದಗಳು. ಲಸಿಕೆಯ ದಾಖಲೆ, ಆರೋಗ್ಯ ತಪಾಸಣೆ ಮಾಡಿ ಮಕ್ಕಳ ಡಾಕ್ಟರ್ ಸಹಿ ಹಾಕಿದ ಫಿಸಿಕಲ್ ಫಾರ್ಮ್, ಅಲರ್ಜಿ ಇದ್ದರೆ ಅದರ ವಿವರ. ಇನ್‌ಹೇಲರ್ ಇರಲಿ, ಬರೀ ಜ್ವರದ ಸಿರಪ್ ಇರಲಿ, ಔಷಧಿ ಕೊಡಲು ಬೇರೆಯೇ ಒಪ್ಪಿಗೆ ಬೇಕು. ಸನ್‌ಸ್ಕ್ರೀನ್ ಹಚ್ಚುವುದಕ್ಕೂ ಸಹಿ ಕೇಳುವ ಕ್ಯಾಂಪ್‌ಗಳಿವೆ. ಜೂನ್‌ನಲ್ಲಿ ಎಲ್ಲರೂ ಡಾಕ್ಟರ್ ಹತ್ತಿರ ಓಡುತ್ತಾರೆ, ನೀವು ಏಪ್ರಿಲ್‌ನಲ್ಲೇ ಮುಗಿಸಿಬಿಡಿ. ಮಗುವನ್ನು ಕರೆದುಕೊಂಡು ಹೋಗಲು ಯಾರಿಗೆ ಅನುಮತಿ ಎಂಬ ಪಟ್ಟಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸ್ವಂತ ತಾತನ ಕೈಗೂ ಮಗುವನ್ನು ಕೊಡುವುದಿಲ್ಲ. ಫೋಟೋ ಇರುವ ಗುರುತಿನ ಚೀಟಿಯನ್ನೂ ನೋಡುತ್ತಾರೆ. ಊರಿಂದ ಬಂದ ಅಪ್ಪ ಅಮ್ಮನ ಹೆಸರು ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಅದೇ ಅಕ್ಷರಗಳಲ್ಲಿ ಬರೆಯಿರಿ. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಬಿಡಿಸಿ ಬರೆದಿರುತ್ತದೆ, ಇನ್ನೊಂದು ಕಡೆ ಇರುವುದೇ ಇಲ್ಲ, ಅಲ್ವಾ? ಅದೇ ಇಲ್ಲಿ ತೊಂದರೆ ಕೊಡುತ್ತದೆ. ಹತ್ತಿರದಲ್ಲೇ ಇರುವ ಒಬ್ಬ ಸ್ನೇಹಿತರ ಹೆಸರೂ ಇರಲಿ. ನೀವು ಹೈವೇಯಲ್ಲಿ ಟ್ರಾಫಿಕ್‌ಗೆ ಸಿಕ್ಕಿಕೊಂಡ ದಿನ ಅವರೇ ದಿಕ್ಕು.

ಊಟ ಹೆಚ್ಚಾಗಿ ಮನೆಯಿಂದಲೇ ಕಟ್ಟಿಕೊಡಬೇಕು. ಅಲ್ಲಿ ಫ್ರಿಜ್ಜೂ ಮೈಕ್ರೋವೇವೂ ಸಿಗದು ಎಂದೇ ತಿಳಿದು ಕಟ್ಟಿ. ಐಸ್ ಪ್ಯಾಕ್ ಜೊತೆಗಿರಲಿ. ಬಹಳ ಕ್ಯಾಂಪ್‌ಗಳು ನಟ್ ಫ್ರೀ. ಅಂದರೆ ಕಡಲೆಕಾಯಿ ಬೀಜ, ಗೋಡಂಬಿ, ಬಾದಾಮಿ ಯಾವುದೂ ತರುವಂತಿಲ್ಲ. ನಮ್ಮ ಚಿತ್ರಾನ್ನ, ಪುಳಿಯೋಗರೆ, ಚಟ್ನಿಪುಡಿ ಇಲ್ಲೇ ಸಿಕ್ಕಿಬೀಳುತ್ತವೆ. ಬೀಜ ಹಾಕದೆ ಮಾಡಿ, ಅಥವಾ ಚಪಾತಿ ಸುರುಳಿ, ಮೊಸರನ್ನ ಕೊಡಿ. ಇದು ಸುಮ್ನೆ ಮಾಡಿದ ನಿಯಮವಲ್ಲ. ಪಕ್ಕದ ಮಗುವಿಗೆ ಅಲರ್ಜಿ ಇದ್ದರೆ ಅದರ ಜೀವದ ಪ್ರಶ್ನೆ. ಸಸ್ಯಾಹಾರಿಗಳು ಇನ್ನೊಂದು ವಿಷಯ ಮೊದಲೇ ಹೇಳಿಡಬೇಕು. ಬೆಂಕಿಯ ಸುತ್ತ ಕೂತು ಮಕ್ಕಳು ತಿನ್ನುವ ಮಾರ್ಷ್‌ಮೆಲೊದಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಯಿಂದ ಬಂದದ್ದು. ಜೆಲಾಟಿನ್ ಇಲ್ಲದ ಮಾರ್ಷ್‌ಮೆಲೊ ಅಂಗಡಿಯಲ್ಲಿ ಸಿಗುತ್ತದೆ. ಒಂದು ಪ್ಯಾಕೆಟ್ ಕೌನ್ಸೆಲರ್ ಕೈಗೆ ಕೊಟ್ಟರೆ ಮಗು ಎಲ್ಲರ ಜೊತೆ ಕೂತು ತಿನ್ನುತ್ತದೆ.

ಈಜು ಇದ್ದರೆ ಮೊದಲ ದಿನ ಈಜಿನ ಪರೀಕ್ಷೆ ಇರುತ್ತದೆ. ಪಾಸಾಗದವರು ಆಳವಿಲ್ಲದ ನೀರಿನಲ್ಲೇ ಉಳಿಯಬೇಕು. ಚಳಿಗಾಲದಲ್ಲೇ ಒಳಾಂಗಣ ಕೊಳದಲ್ಲಿ ಪಾಠ ಕೊಡಿಸಿದರೆ ಒಳ್ಳೆಯದು. ಕಾಡಿನ ಕ್ಯಾಂಪ್‌ನಿಂದ ಬಂದ ಸಂಜೆ ಕಿವಿಯ ಹಿಂದೆ, ಕಂಕುಳಲ್ಲಿ, ಕೂದಲ ಬುಡದಲ್ಲಿ ಉಣುಗು (ಟಿಕ್) ಕಚ್ಚಿಕೊಂಡಿದೆಯೇ ನೋಡಿ. ಲೈಮ್ ಎಂಬ ಸೋಂಕು ಕಾಯಿಲೆ ಹರಡುವುದು ಇದರಿಂದಲೇ.

ದುಡ್ಡಿನ ವಿಷಯಕ್ಕೆ ಬರೋಣ. ಗೊತ್ತಿಲ್ಲದೆ ಜನ ಬಹಳ ಕಳೆದುಕೊಳ್ಳುವುದು ಇಲ್ಲೇ. ಹದಿಮೂರು ತುಂಬದ ಮಗುವಿನ ಡೇ ಕ್ಯಾಂಪ್ ಖರ್ಚನ್ನು, ತಂದೆ ತಾಯಿ ಕೆಲಸಕ್ಕೆ ಹೋಗಲು ಬೇಕಾದ ಮಕ್ಕಳ ಪಾಲನೆ ಎಂದು ತೆರಿಗೆ ಇಲಾಖೆ ಒಪ್ಪುತ್ತದೆ. ಕೋಡಿಂಗ್ ಕ್ಯಾಂಪ್ ಆದರೂ ಸರಿ, ಸಾಕರ್ ಕ್ಯಾಂಪ್ ಆದರೂ ಸರಿ. ರಾತ್ರಿ ಉಳಿಯುವ ಕ್ಯಾಂಪ್ ಮಾತ್ರ ಲೆಕ್ಕಕ್ಕಿಲ್ಲ. ಇದಕ್ಕೆ ಎರಡು ದಾರಿ. ಒಂದು, ಕಂಪನಿ ಕೊಡುವ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ ಎಂಬ ಖಾತೆ. ತೆರಿಗೆ ಹಿಡಿಯುವ ಮುಂಚೆಯೇ ಸಂಬಳದಿಂದ ದುಡ್ಡು ತೆಗೆದಿಡುತ್ತಾರೆ. ಬಹಳ ವರ್ಷ ಇದರ ಮಿತಿ ಒಂದು ಕುಟುಂಬಕ್ಕೆ 5,000 ಡಾಲರ್ ಇತ್ತು. 2026ರಿಂದ 7,500 ಡಾಲರ್ ಆಗಿದೆ. ಇದನ್ನು ಆರಿಸಿಕೊಳ್ಳುವುದು ಹಿಂದಿನ ವರ್ಷದ ಕೊನೆಯಲ್ಲಿ, ಆಫೀಸಿನ ಸೌಲಭ್ಯಗಳನ್ನು ಆರಿಸಿಕೊಳ್ಳುವ ಓಪನ್ ಎನ್‌ರೋಲ್‌ಮೆಂಟ್ ಸಮಯದಲ್ಲಿ. ಹಾಕಿದ್ದನ್ನು ಖರ್ಚು ಮಾಡದಿದ್ದರೆ ಹೋಯಿತು, ಹಾಗಾಗಿ ವಾರಗಳ ಹಾಳೆ ನೋಡಿಯೇ ಮೊತ್ತ ಹಾಕಿ. ಇನ್ನೊಂದು, ರಿಟರ್ನ್ ಸಲ್ಲಿಸುವಾಗ ಫಾರ್ಮ್ 2441ರಲ್ಲಿ ಕೇಳುವ ಕ್ರೆಡಿಟ್. ಒಂದು ಮಗುವಿಗೆ 3,000, ಇಬ್ಬರು ಅಥವಾ ಹೆಚ್ಚು ಮಕ್ಕಳಿಗೆ 6,000 ಡಾಲರ್ ಖರ್ಚಿನವರೆಗೆ ಅದರ ಒಂದು ಪಾಲು ತೆರಿಗೆಯಲ್ಲಿ ಕಡಿಮೆಯಾಗುತ್ತದೆ. ಒಂದೇ ಖರ್ಚನ್ನು ಎರಡೂ ಕಡೆ ತೋರಿಸುವಂತಿಲ್ಲ.

ನಮ್ಮವರು ಎಡವುವುದು ಮುಂದಿನ ಷರತ್ತಿನಲ್ಲಿ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿರಬೇಕು, ಕೆಲಸ ಹುಡುಕುತ್ತಿರಬೇಕು ಅಥವಾ ಪೂರ್ಣಾವಧಿ ವಿದ್ಯಾರ್ಥಿ ಆಗಿರಬೇಕು. ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಕೆಲಸದ ಅನುಮತಿ ಇಲ್ಲದೆ ಒಬ್ಬರು ಮನೆಯಲ್ಲಿದ್ದರೆ ಸಾಮಾನ್ಯವಾಗಿ ಈ ಎರಡೂ ಸಿಗುವುದಿಲ್ಲ. ಸಹೋದ್ಯೋಗಿ ಹೇಳಿದರು ಎಂದು ಹಾಕಿ ಆಮೇಲೆ ತೆರಿಗೆ ಕಟ್ಟಬೇಡಿ. ಕ್ಯಾಂಪ್‌ನ ತೆರಿಗೆ ಗುರುತಿನ ಸಂಖ್ಯೆ ಇರುವ ರಸೀದಿಯನ್ನು ಬೇಸಿಗೆಯಲ್ಲೇ ಕೇಳಿ ಇಟ್ಟುಕೊಳ್ಳಿ.

ಈಗ ರಸ್ತೆ. ಮೊದಲ ಟ್ರಿಪ್ಪಿಗೇ ಯೆಲ್ಲೋಸ್ಟೋನ್‌ವರೆಗೆ ಕಾರು ಓಡಿಸಬೇಕಿಲ್ಲ. ನಮ್ಮ ಒಹಾಯೊದಲ್ಲೇ ಕಯಾಹೋಗಾ ವ್ಯಾಲಿ ನ್ಯಾಷನಲ್ ಪಾರ್ಕ್ ಇದೆ, ಪ್ರವೇಶಕ್ಕೆ ಫೀಸಿಲ್ಲ. ಗ್ರೇಟ್ ಸ್ಮೋಕಿ ಮೌಂಟನ್ಸ್‌ಗೂ ಪ್ರವೇಶ ಉಚಿತ, ಆದರೆ 15 ನಿಮಿಷಕ್ಕಿಂತ ಹೆಚ್ಚು ಕಾರು ನಿಲ್ಲಿಸಲು ಪಾರ್ಕಿಂಗ್ ಟ್ಯಾಗ್ ಕೊಳ್ಳಬೇಕು. ಮಕ್ಕಳ ಜೊತೆ ನಾವು ಹೋದದ್ದರಲ್ಲಿ ನನಗೆ ಬಹಳ ಇಷ್ಟವಾದದ್ದು ಕೆಂಟಕಿಯ ಮ್ಯಾಮತ್ ಕೇವ್. ಪ್ರಪಂಚದಲ್ಲಿ ಈವರೆಗೆ ಗೊತ್ತಿರುವ ಗುಹೆಗಳಲ್ಲೇ ಅತಿ ಉದ್ದದ್ದು. ಪಾರ್ಕ್‌ಗೆ ಫೀಸಿಲ್ಲ, ಗುಹೆ ಟೂರ್‌ಗೆ ಟಿಕೆಟ್ ಇದೆ, ಬೇಸಿಗೆಯಲ್ಲಿ ಬೇಗ ಮುಗಿದುಹೋಗುತ್ತದೆ. ಹೊರಗೆ ಸುಡು ಬಿಸಿಲಿದ್ದರೂ ಒಳಗೆ ಸುಮಾರು 54 ಡಿಗ್ರಿ ಫ್ಯಾರನ್‌ಹೀಟ್, ಸ್ವೆಟರ್ ಬೇಕೇ ಬೇಕು. ಇನ್ನೊಂದು ಸಣ್ಣ ವಿಷಯ. ಅಲ್ಲಿನ ಗಡಿಯಾರ ಸೆಂಟ್ರಲ್ ಟೈಮ್, ನಮಗಿಂತ ಒಂದು ಗಂಟೆ ಹಿಂದೆ. ಟಿಕೆಟ್ ತೆಗೆಯುವಾಗ ಇದು ನೆನಪಿರಲಿ.

ಎರಡು ಮೂರು ದೊಡ್ಡ ಪಾರ್ಕ್ ನೋಡುವುದಿದ್ದರೆ ‘ಅಮೆರಿಕ ದಿ ಬ್ಯೂಟಿಫುಲ್’ ವಾರ್ಷಿಕ ಪಾಸ್ ತೆಗೆದುಕೊಳ್ಳಿ. ಇಲ್ಲಿನ ನಿವಾಸಿಗಳಿಗೆ 80 ಡಾಲರ್. 2026ರಿಂದ ಹೊರದೇಶದವರಿಗೆ 250 ಡಾಲರ್. ಪಾಸ್ ಇಲ್ಲದೆ ಬಂದರೆ ಗ್ರ್ಯಾಂಡ್ ಕ್ಯಾನ್ಯನ್, ಯೊಸೆಮಿಟಿ, ಯೆಲ್ಲೋಸ್ಟೋನ್ ಸೇರಿ 11 ಪಾರ್ಕ್‌ಗಳಲ್ಲಿ 16 ವರ್ಷ ತುಂಬಿದ ಪ್ರತಿ ಹೊರದೇಶದವರಿಗೂ 100 ಡಾಲರ್ ಹೆಚ್ಚುವರಿ ಫೀಸು. ಅಪ್ಪ ಅಮ್ಮ ಊರಿಂದ ಬಂದಿದ್ದರೆ ಹೊರಡುವ ಮುಂಚೆ ಆ ಪಾರ್ಕ್‌ನ ಫೀಸಿನ ಪುಟ ಓದಿ, ನಿಮ್ಮ ಡ್ರೈವಿಂಗ್ ಲೈಸೆನ್ಸ್ ಜೊತೆಗಿಟ್ಟುಕೊಳ್ಳಿ. ಮನೆಯಲ್ಲಿ ನಾಲ್ಕನೇ ತರಗತಿಯ ಮಗು ಇದ್ದರೆ ಅದಕ್ಕೆ ಒಂದು ವರ್ಷ ಉಚಿತ ಪಾಸ್ ಸಿಗುತ್ತದೆ. ಅದು ಆಗಸ್ಟ್ 31ರವರೆಗೆ ನಡೆಯುತ್ತದೆ, ಅಂದರೆ ನಾಲ್ಕನೇ ತರಗತಿ ಮುಗಿದ ಬೇಸಿಗೆಯೂ ಸೇರಿತು. ಪಾರ್ಕ್ ಮುಟ್ಟಿದ ಕೂಡಲೇ ವಿಸಿಟರ್ ಸೆಂಟರ್‌ನಲ್ಲಿ ಜೂನಿಯರ್ ರೇಂಜರ್ ಪುಸ್ತಕ ಕೇಳಿ. ಅದರಲ್ಲಿರುವ ಚಟುವಟಿಕೆ ಮುಗಿಸಿ ತೋರಿಸಿದರೆ ರೇಂಜರ್ ಪ್ರಮಾಣ ವಚನ ಹೇಳಿಸಿ ಬ್ಯಾಡ್ಜ್ ಕೊಡುತ್ತಾರೆ. ನನ್ನ ಮಗ ತನ್ನ ಬ್ಯಾಡ್ಜ್‌ಗಳನ್ನು ತಾತನಿಗೆ ವಿಡಿಯೋ ಕಾಲ್‌ನಲ್ಲಿ ಒಂದೊಂದಾಗಿ ತೋರಿಸುತ್ತಾನೆ.

ನಯಾಗರ ನೋಡಲು ಅಮೆರಿಕದ ಕಡೆ ವೀಸಾ ಚಿಂತೆ ಇಲ್ಲ. ಸೇತುವೆ ದಾಟಿ ಕೆನಡಾ ಕಡೆಗೆ ಹೋಗುವುದಾದರೆ ಭಾರತೀಯ ಪಾಸ್‌ಪೋರ್ಟ್ ಇರುವ ಎಚ್-1ಬಿಯವರಿಗೆ, ಪ್ರವಾಸಿ ವೀಸಾದಲ್ಲಿರುವ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಬೇಕು. ಗ್ರೀನ್ ಕಾರ್ಡ್ ಇದ್ದವರು ಪಾಸ್‌ಪೋರ್ಟ್ ಜೊತೆ ಅದನ್ನು ತೋರಿಸಿದರೆ ಸಾಕು. ದಕ್ಷಿಣದ ಗಡಿ ಹತ್ತಿರ, ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ಅಥವಾ ಟೆಕ್ಸಸ್‌ನ ಬಿಗ್ ಬೆಂಡ್ ಕಡೆ ಹೋದರೆ ಹೈವೇ ಮೇಲೇ ಬಾರ್ಡರ್ ಪೆಟ್ರೋಲ್ ತಪಾಸಣೆ ಇರುತ್ತದೆ. ಪಾಸ್‌ಪೋರ್ಟ್, ದೇಶದೊಳಗೆ ಬಂದದ್ದರ ದಾಖಲೆಯಾದ ಐ-94, ಗ್ರೀನ್ ಕಾರ್ಡ್ ಮನೆಯ ಬೀರುವಿನಲ್ಲಿ ಬಿಟ್ಟು ಹೋಗಬೇಡಿ.

ಕಾರಿನಲ್ಲಿ ಮಗುವನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸುವಂತಿಲ್ಲ, ಐದು ನಿಮಿಷದ ದಾರಿಗೂ ಇಲ್ಲ. ಒಹಾಯೊದಲ್ಲಿ ಎಂಟು ವರ್ಷ ತುಂಬುವವರೆಗೆ ಅಥವಾ ನಾಲ್ಕು ಅಡಿ ಒಂಬತ್ತು ಇಂಚು ಆಗುವವರೆಗೆ ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟ್ ಬೇಕು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾಗುತ್ತದೆ. ದಾರಿಯಲ್ಲಿ ಬರುವ ರಾಜ್ಯಗಳಲ್ಲಿ ಬಿಗಿಯಾದ ನಿಯಮ ಯಾವುದೋ ಅದನ್ನೇ ಪಾಲಿಸಿ. ಹಿಂದೆ ಪೊಲೀಸ್ ದೀಪ ಹತ್ತಿದರೆ ಬಲಕ್ಕೆ ನಿಲ್ಲಿಸಿ, ಕೈ ಸ್ಟೀರಿಂಗ್ ಮೇಲೆ ಇಡಿ, ಇಳಿಯಬೇಡಿ. ನಮ್ಮೂರಲ್ಲಿ ಇಳಿದು ಹೋಗಿ ಮಾತಾಡುವುದು ಮರ್ಯಾದೆ, ಇಲ್ಲಿ ಅದೇ ಅಪಾಯ. ತಂದೆಯವರು ಜೊತೆಗಿದ್ದರೆ ಅವರಿಗೂ ಮೊದಲೇ ಹೇಳಿಡಿ. ಪಾರ್ಕ್ ಒಳಗೆ ಬಹಳ ಕಡೆ ಫೋನ್ ಸಿಗ್ನಲ್ ಇರುವುದಿಲ್ಲ, ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಕರಡಿ ಇರುವ ಕಡೆ ಟೆಂಟ್ ಹಾಕಿದರೆ ತಿಂಡಿ ಮಾತ್ರ ಅಲ್ಲ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಕೂಡ ಅಲ್ಲಿನ ಕಬ್ಬಿಣದ ಪೆಟ್ಟಿಗೆಯಲ್ಲಿಡಬೇಕು. ವಾಸನೆ ಬರುವ ಯಾವುದೂ ಟೆಂಟ್‌ನಲ್ಲಿ ಬೇಡ.

ಹತ್ತು ವಾರದಲ್ಲಿ ಒಂದನ್ನು ನಾವು ಬೇಕೆಂದೇ ಖಾಲಿ ಬಿಡುತ್ತೇವೆ. ಕ್ಯಾಂಪೂ ಇಲ್ಲ, ಟ್ರಿಪ್ಪೂ ಇಲ್ಲ. ಒಂದೆರಡು ದಿನ ನಾನು, ಒಂದೆರಡು ದಿನ ಅವರು ರಜೆ ಹಾಕುತ್ತೇವೆ. ಮಕ್ಕಳು ತಡವಾಗಿ ಏಳುತ್ತಾರೆ, ದೋಸೆ ತಿನ್ನುತ್ತಾರೆ, ಲೈಬ್ರರಿಗೆ ಸೈಕಲ್‌ನಲ್ಲಿ ಹೋಗುತ್ತಾರೆ. ಮುಂದಿನ ವರ್ಷದ ಹಾಳೆಯಲ್ಲಿ ಯಾವ ವಾರ ಖಾಲಿ ಇರಬೇಕು ಎಂದು ಈ ಸಲ ಮಗಳೇ ಗುರುತು ಹಾಕಿದ್ದಾಳೆ.